ಹಳೇ ಕಾರಿನ ಹಬ್ ನಟ್‌ಗೆ ಯಾವ ಪಾನ?

ಚಕ್ರ ಬಿಚ್ಚುವಾಗ ತಿರುಗಿಸುವ ನಾಲ್ಕೈದು ನಟ್‌ಗಳು ವೀಲ್ ನಟ್. ಅವುಗಳ ನಡುವೆ, ಗ್ರೀಸ್ ಕ್ಯಾಪ್ ಒಳಗೆ, ಆಕ್ಸಲ್ ತುದಿಯಲ್ಲಿ ಒಂಟಿಯಾಗಿ ಕೂತಿರುವ ದೊಡ್ಡದು ಹಬ್ ನಟ್. ಈ ಟಿಪ್ಪಣಿ ಎರಡನೆಯದರ ಬಗ್ಗೆ. ವೀಲ್ ನಟ್‌ಗೆ ಡಿಕ್ಕಿಯಲ್ಲಿರುವ ಪಾನ (ಸ್ಪ್ಯಾನರ್) ಸಾಕು. ಬೇರಿಂಗ್, ಆಯಿಲ್ ಸೀಲ್, ಕೆಲವು ಗಾಡಿಗಳಲ್ಲಿ ಬ್ರೇಕ್ ಡ್ರಮ್ ಕೆಲಸಕ್ಕೆ ಕೈ ಹಾಕಿದಾಗ ಮಾತ್ರ ಹಬ್ ನಟ್ ಎದುರಾಗುತ್ತದೆ. ಅದಕ್ಕೆ ಸರಿಹೊಂದುವ ಪಾನ ಯಾರ ಹತ್ತಿರವೂ ಇರುವುದಿಲ್ಲ.

ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಬರುವ ಉತ್ತರ ಒಂದೇ: "ಉಳಿ ಇಟ್ಟು ಹೊಡಿ." ಹೊಡೆದರೆ ಬಿಚ್ಚಿಕೊಳ್ಳುತ್ತದೆ, ನಿಜ. ಆದರೆ ಆ ಏಟು ನಟ್‌ನಲ್ಲೇ ನಿಲ್ಲುವುದಿಲ್ಲ. ಬೇರಿಂಗ್ ಒಳಗಿನ ರೋಲರ್‌ಗಳು ತಾವು ಉರುಳುವ ಉಂಗುರದ (ರೇಸ್) ಮೇಲೆ ಸಣ್ಣ ಗುಳಿ ಒತ್ತುತ್ತವೆ. ಮುಂದೆ ಚಕ್ರ ಗುಂಯ್ ಅನ್ನೋಕೆ ಶುರುವಾದಾಗ ಯಾರೂ ಉಳಿಯನ್ನು ನೆನಪಿಸಿಕೊಳ್ಳುವುದಿಲ್ಲ. ಹಾಗಾಗಿ ಸಾಮಾನು ಕೊಳ್ಳುವ ಮೊದಲು ನಟ್‌ನ್ನೇ ಸರಿಯಾಗಿ ನೋಡಬೇಕು. ಅಳತೆ ಎಷ್ಟು, ಲಾಕ್ ಎಂಥದು, ತ್ರೆಡ್ ಯಾವ ಕಡೆ, ನಟ್ ಬಿಗಿಯಾಗಿ ಇರಬೇಕಾದದ್ದಾ ಅಥವಾ ಸಡಿಲವಾಗಿ ಇರಬೇಕಾದದ್ದಾ. ಬಲದ ಮಾತು ಇವೆಲ್ಲ ಆದಮೇಲೆ.

ಅಳತೆ

ವರ್ನಿಯರ್‌ನಿಂದ ನಟ್‌ನ ಎದುರುಬದುರು ಮುಖಗಳ ನಡುವಿನ ದೂರ ಅಳೆಯಿರಿ. ಮೂಲೆಯಿಂದ ಮೂಲೆಗೆ ಅಲ್ಲ. ಮೊದಲು ವೈರ್ ಬ್ರಷ್‌ನಿಂದ ತುಕ್ಕು, ಗ್ರೀಸ್ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತದೆ.

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಾಗಾಗಿ ಅದರದ್ದು ಇಂಚಿನ ಲೆಕ್ಕ. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರ ಕುಡಿ, ಅಲ್ಲಿ ಮಿ.ಮೀ. ಲೆಕ್ಕ. ಇಸುಜು ಎಂಜಿನ್ ಬಂದ ಮೇಲಿನ ಅಂಬಾಸಿಡರ್‌ನಲ್ಲಿ ಎರಡೂ ಸೇರಿಕೊಂಡಿವೆ. ಒಂದೇ ಗಾಡಿಗೆ ಎರಡು ಸೆಟ್ ಪಾನ ಬೇಕಾಗುವುದು ಇದಕ್ಕೇ.

ಇಂಚಿನಲ್ಲೂ ಎರಡು ಜಾತಿ ಇವೆ. ಎ.ಎಫ್. (ಅಕ್ರಾಸ್ ಫ್ಲಾಟ್ಸ್, ಅಂದರೆ ಮುಖದಿಂದ ಮುಖಕ್ಕೆ) ಪಾನದ ಮೇಲಿನ ಸಂಖ್ಯೆ ಪಾನದ ಬಾಯಿಯ ಅಗಲ. 1/2 ಎ.ಎಫ್. ಎಂದರೆ ಬಾಯಿ 12.7 ಮಿ.ಮೀ. ಹಳೇ ಬ್ರಿಟಿಷ್ ಅಳತೆಯಾದ ವಿಟ್ವರ್ತ್ ಪಾನದ ಮೇಲಿನ ಸಂಖ್ಯೆ ಬೋಲ್ಟ್‌ನ ದಪ್ಪ. 1/2 ವಿಟ್ವರ್ತ್ ಪಾನದ ಬಾಯಿ ಸುಮಾರು 23.4 ಮಿ.ಮೀ. ಗುಜರಿ ಅಂಗಡಿಯಲ್ಲಿ "ಅರ್ಧ ಇಂಚಿನ ಪಾನ ಕೊಡಿ" ಎಂದರೆ ಇವೆರಡರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು!

ಕೆಲವು ಇಂಚಿನ ಅಳತೆಗೆ ಮಿ.ಮೀ. ಪಾನ ನಡೆಯುತ್ತದೆ. 3/4 ಇಂಚು ಎಂದರೆ 19.05 ಮಿ.ಮೀ., ಅದಕ್ಕೆ 19ರ ಪಾನ ಬಿಗಿಯಾಗಿ ಕೂರುತ್ತದೆ. ಆದರೆ 13/16 ಎಂದರೆ 20.6. ಅದಕ್ಕೆ 21ರ ಪಾನ ಹಾಕಿ ಜೋರಾಗಿ ಎಳೆದರೆ ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ. ಅರ್ಧ ಮಿ.ಮೀ. ಕೂಡ ಇಲ್ಲ ಅನ್ನಿಸಬಹುದು. ಹಬ್ ನಟ್‌ಗೆ ಅದೇ ಜಾಸ್ತಿ.

ಲಾಕ್ ಮತ್ತು ತ್ರೆಡ್

ನಟ್ ಬಿಚ್ಚುತ್ತಿಲ್ಲ ಅಂದರೆ ಎಷ್ಟೋ ಸಲ ಕಾರಣ ತುಕ್ಕು ಅಲ್ಲ, ಲಾಕ್ ತೆಗೆದಿರುವುದಿಲ್ಲ. ಕಿರೀಟದಂಥ ಕ್ಯಾಸಲ್ ನಟ್ ಇದ್ದರೆ ತೂತಿನಲ್ಲಿ ತೂರಿಸಿ ತುದಿ ಮಡಚಿದ ಸ್ಪ್ಲಿಟ್ ಪಿನ್ ಇರುತ್ತದೆ. ಅದರ ತುದಿ ಮುರಿದು, ಒಳಗಿನ ತುಂಡು ಮಾತ್ರ ಉಳಿದಿರುವುದೂ ಉಂಟು. ಟಾರ್ಚ್ ಹಿಡಿದು ನೋಡಿ. ತೆಳು ನಟ್ ಆದರೆ ಕೆಳಗೆ ಟ್ಯಾಬ್ ವಾಷರ್ ಮಡಚಿರುತ್ತದೆ, ಅದನ್ನು ಮೊದಲು ಚಪ್ಪಟೆ ಮಾಡಬೇಕು. ಇನ್ನು ಕೆಲವು ನಟ್‌ಗಳ ಅಂಚನ್ನೇ ಆಕ್ಸಲ್ ಮೇಲಿನ ಸೀಳಿನ ಒಳಕ್ಕೆ ಬಡಿದಿರುತ್ತಾರೆ. ಉಳಿಗೆ ಇಲ್ಲಿ ಮಾತ್ರ ಕೆಲಸ: ಆ ಅಂಚನ್ನು ಮೆಲ್ಲಗೆ ಎಬ್ಬಿಸುವುದು. ಅಂಥ ನಟ್‌ನ್ನು ಮತ್ತೆ ಹಾಕಬಾರದು, ಹೊಸದು ತನ್ನಿ.

ತ್ರೆಡ್ ವಿಷಯದಲ್ಲಿ ಹಳೇ ಗಾಡಿಗಳು ಚೆನ್ನಾಗಿ ಆಟ ಆಡಿಸುತ್ತವೆ. ಹಳೇ ವಿಲ್ಲೀಸ್ ಜೀಪಿನ ಎಡಗಡೆ ವೀಲ್ ನಟ್‌ಗಳು ಲೆಫ್ಟ್ ತ್ರೆಡ್. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ. ವೈರ್ ವೀಲ್ ಇರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ನಡುವಿನ ರೆಕ್ಕೆಯ ನಟ್ ಇದಕ್ಕೆ ಉಲ್ಟಾ, ಅಲ್ಲಿ ಬಲಗಡೆಯದು ಲೆಫ್ಟ್ ತ್ರೆಡ್. ಅದನ್ನು ನೆನಪಿಡಲು ಸುಲಭ ದಾರಿ ಇದೆ. ಯಾವ ಕಡೆಯ ಚಕ್ರವಾದರೂ ಸರಿ, ನಟ್‌ನ ಮೇಲ್ತುದಿ ಕಾರಿನ ಮೂತಿಯ ಕಡೆ ಸರಿಯುವಂತೆ ಹೊಡೆದರೆ ಬಿಚ್ಚುತ್ತದೆ. ಹೊಡೆಯಲು ತಾಮ್ರದ ಸುತ್ತಿಗೆಯೇ ಬೇಕು. ಕಬ್ಬಿಣದ್ದು ರೆಕ್ಕೆಯನ್ನು ಹಾಳು ಮಾಡುತ್ತದೆ.

ಸಾಕೆಟ್

ಆರು ಮೂಲೆಯ ಸಾಕೆಟ್ ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ನಟ್‌ನ ತುದಿಗಳನ್ನಷ್ಟೇ ಹಿಡಿಯುತ್ತದೆ. ಸಾಕೆಟ್ ಬಾಯಿಯ ಒಳ ಅಂಚನ್ನು ಇಳಿಜಾರಾಗಿ ಕೆತ್ತಿರುತ್ತಾರೆ. ದಪ್ಪ ನಟ್‌ಗೆ ಅದರಿಂದ ತೊಂದರೆ ಇಲ್ಲ, ತೆಳು ನಟ್‌ನಲ್ಲಿ ಆ ಇಳಿಜಾರೇ ಜಾರುತ್ತದೆ. ಲೇತ್‌ನಲ್ಲಿ ಬಾಯಿಯನ್ನು ಒಂದೆರಡು ಮಿ.ಮೀ. ಫೇಸಿಂಗ್ ಮಾಡಿಸಿದರೆ, ಅಂದರೆ ಸಮತಟ್ಟಾಗಿ ಕೆತ್ತಿಸಿದರೆ, ಹಿಡಿತ ಪೂರ್ತಿ ಸಿಗುತ್ತದೆ.

ಡ್ರೈವ್, ಅಂದರೆ ಸಾಕೆಟ್‌ಗೆ ಹಿಡಿ ಕೂರುವ ಚೌಕ, 1/2 ಇಂಚಿನದು ಬೇಡ, 3/4 ಇರಲಿ. ಚೌಕದ ಬದಿ ಒಂದೂವರೆ ಪಟ್ಟು ಆದರೆ ತಿರುಚುವ ಬಲ ತಾಳುವ ಶಕ್ತಿ ಅದರ ಘನದಷ್ಟು, ಅಂದರೆ ಸುಮಾರು 3.4 ಪಟ್ಟು ಆಗುತ್ತದೆ.

ವಿಲ್ಲೀಸ್ ಮಾದರಿ ಜೀಪಿನ ಮುಂದಿನ ಹಬ್ ಬೇರೆ ಥರ. ಅಲ್ಲಿ ಎರಡು ತೆಳು ನಟ್, ನಡುವೆ ಲಾಕ್ ವಾಷರ್. ಅಳತೆ 2 1/16 ಇಂಚು, ಅಂದರೆ 52.4 ಮಿ.ಮೀ. ಆಕ್ಸಲ್ ತುದಿ ನಟ್‌ಗಿಂತ ಹೊರಗೆ ಚಾಚಿರುವುದರಿಂದ ಸಾಮಾನ್ಯ ಸಾಕೆಟ್ ಆಳಕ್ಕೆ ಹೋಗುವುದೇ ಇಲ್ಲ. ಕೊಳವೆಯಂಥ ಬಾಕ್ಸ್ ಸ್ಪ್ಯಾನರ್ ಬೇಕು. ಚಿತ್ರದುರ್ಗದ ಕಡೆ ಹೊಲ, ಗುಡ್ಡ ಅಂತ ಓಡಾಡುವ ಹಳೇ ಜೀಪುಗಳಿಗೆ ಈ ಪಾನ ಮಾಡಿಸಿಕೊಳ್ಳುವುದೇ ಸುಲಭ. ನಮ್ಮ ಸೀಮೆಯಲ್ಲಿ ಲೇತ್‌ಗೆ ಬರ ಇಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದದ್ದೇ ಲೇತ್ ಯಂತ್ರಗಳನ್ನು. 8-10 ಮಿ.ಮೀ. ದಪ್ಪದ ಪ್ಲೇಟ್‌ನಲ್ಲಿ ನಟ್ ಅಳತೆಗೆ ಆರು ಮೂಲೆಯ ರಂಧ್ರ ಕತ್ತರಿಸಿ, ಅದನ್ನು ದಪ್ಪ ಪೈಪ್‌ಗೆ ವೆಲ್ಡ್ ಮಾಡಿ, ಇನ್ನೊಂದು ತುದಿಯಲ್ಲಿ ಅಡ್ಡಲಾಗಿ ತೂರಿಸಿ ತಿರುಗಿಸುವ ಟಾಮಿ ರಾಡ್‌ಗೆ ತೂತು ಹಾಕಿದರೆ ಆಯಿತು.

ಆದರೆ ಇದು ಜೀಪಿನ ಮುಂದಿನ ಹಬ್‌ಗೆ ಮಾತ್ರ ಸಾಕು. ಅಲ್ಲಿ ನಟ್ ಕೆಲಸ ಟೇಪರ್ ಬೇರಿಂಗ್ ಅನ್ನು ಹದವಾಗಿ ಹಿಡಿದಿಡುವುದು, ಅಷ್ಟೇ. ಆಕ್ಸಲ್‌ನಿಂದ ಹಬ್‌ಗೆ ಎಳೆತ ದಾಟಿಸುವ ಹಿಂದಿನ ನಟ್ ಹಾಗಲ್ಲ, ಅದನ್ನು ವಿಪರೀತ ಬಿಗಿ ಮಾಡಿರುತ್ತಾರೆ. ಅದಕ್ಕೆ ಮನೆಯಲ್ಲಿ ವೆಲ್ಡ್ ಮಾಡಿದ ಪಾನ ನಂಬಬೇಡಿ. ಫೋರ್ಜ್ ಮಾಡಿದ ಇಂಪ್ಯಾಕ್ಟ್ ಸಾಕೆಟ್ ಕೊಂಡುಕೊಳ್ಳಿ.

ಎಷ್ಟು ಬಲ?

ಲೆಕ್ಕಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್ ಒಳ್ಳೆ ಉದಾಹರಣೆ, ನಮ್ಮೂರಲ್ಲಿ ಅದು ಕಾಣುವುದು ಅಪರೂಪವಾದರೂ. ಅದರ ಹಿಂದಿನ ಹಬ್ ನಟ್ 36 ಮಿ.ಮೀ., ಬಿಗಿ ಮಾಡಬೇಕಾದದ್ದು 217 ಪೌಂಡ್-ಅಡಿ, ಅಂದರೆ ಸುಮಾರು 294 ನ್ಯೂಟನ್ ಮೀಟರ್. 60 ಕೆ.ಜಿ. ತೂಕದವರು ಅರ್ಧ ಮೀಟರ್ ರಾಡ್ ತುದಿಗೆ ಪೂರ್ತಿ ಭಾರ ಬಿಟ್ಟರೆ ಬರುವುದು ಸರಿಯಾಗಿ ಅಷ್ಟೇ. ತುಕ್ಕು ಹಿಡಿದ ನಟ್‌ಗೆ ಅದು ಸಾಲದು. ಒಂದು ಮೀಟರ್ ಪೈಪ್ ತೂರಿಸಿದರೆ ಬಲ ಎರಡರಷ್ಟು ಆಗುತ್ತದೆ.

ಈ ಎಳೆತವನ್ನು ಕಾರು ಜಾಕಿ ಮೇಲಿದ್ದಾಗ ಮಾಡಲೇಬೇಡಿ. ಚಕ್ರ ನೆಲದ ಮೇಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ ಮೊದಲ ಸಲ ಅಲ್ಲಾಡುವವರೆಗೆ ಮಾತ್ರ ತಿರುಗಿಸಿ. ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಅರ್ಧ ಕಷ್ಟ ಕಡಿಮೆ. ಗ್ಯಾಸ್ ಕಟರ್‌ನಲ್ಲಿ ಕಾಯಿಸಿದರೆ ಒಳಗಿನ ಗ್ರೀಸ್, ಸೀಲ್ ಎರಡೂ ಸುಡುತ್ತವೆ.

ನಟ್ ಬಿಚ್ಚಿದ ಮಾತ್ರಕ್ಕೆ ಹಬ್ ಬರುತ್ತದೆ ಅಂತಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಹಿಂದಿನ ಹಬ್ ತುದಿಯ ಕಡೆ ಕಿರಿದಾಗುವ ಟೇಪರ್ ಶಾಫ್ಟ್ ಮೇಲೆ ಕಚ್ಚಿಕೊಂಡಿರುತ್ತದೆ, ಅದಕ್ಕೆ ಹಬ್ ಎಳೆದು ತೆಗೆಯುವ ಗಟ್ಟಿ ಪುಲ್ಲರ್ ಬೇಕೇ ಬೇಕು. ಪುಲ್ಲರ್ ಹಾಕುವಾಗ ನಟ್‌ನ್ನು ಒಂದೆರಡು ತ್ರೆಡ್ ಮೇಲೆ ಉಳಿಸಿ. ಹಬ್ ಟಪ್ ಅಂತ ಹಾರಿದಾಗ ಅದು ತಡೆಯುತ್ತದೆ. ಡ್ರಮ್ ಒಳಗಿನ ದೂಳನ್ನು ಏರ್ ಹೊಡೆದು ಊದಬೇಡಿ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ.

ವಾಪಸ್ ಹಾಕುವಾಗ ಜೀಪಿನ ಒಳ ನಟ್‌ನ್ನು ಹಬ್ ತಿರುಗಲು ಬಿಗಿಯಾಗುವವರೆಗೆ ಹಾಕಿ, ಆಮೇಲೆ ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ನಟ್‌ಗೆ ಆರು ಮುಖ, ಹಾಗಾಗಿ ಒಂದು ಮುಖದಷ್ಟು. ಬೀಟಲ್‌ನ ಹಿಂದಿನ ನಟ್‌ನಲ್ಲಿ ಪಿನ್ ತೂತು ಎದುರಿಗೆ ಬರದಿದ್ದರೆ ಹಿಂದಕ್ಕೆ ತಿರುಗಿಸಬಾರದು, ಮುಂದಿನ ತೂತು ಸಿಗುವವರೆಗೆ ಇನ್ನಷ್ಟು ಬಿಗಿ ಮಾಡಬೇಕು. ಸ್ಪ್ಲಿಟ್ ಪಿನ್ ಎಲ್ಲ ಹಬ್‌ನಲ್ಲೂ ಇರುವುದಿಲ್ಲ, ಆದರೆ ಎಲ್ಲಿ ಇದೆಯೋ ಅಲ್ಲಿ ಪ್ರತಿ ಸಲ ಹೊಸದೇ ಹಾಕಿ.