ಪರದೆ 8ಎ ಅಂದರೂ ಕಿವಿ ಒಪ್ಪಬೇಕಲ್ಲ

ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್ಬಿನಲ್ಲಿ ಡಿಜೆಯಾಗಿ ಹಾಡು ಬೆರೆಸುವಾಗ ನನ್ನ ಮರ್ಯಾದೆ ಹೋಯಿತು. ಒಂದು ಡೆಕ್‌ನಲ್ಲಿ 140 ಬಿಪಿಎಂ (ನಿಮಿಷಕ್ಕೆ 140 ಬೀಟ್) ಟ್ರಾನ್ಸ್, ಅಂದರೆ ಕುಣಿತದ ಎಲೆಕ್ಟ್ರಾನಿಕ್ ಸಂಗೀತ ಓಡುತ್ತಿತ್ತು. ಮುಂದೆ ಹಾಕಬೇಕಾದದ್ದು 132ರದ್ದು. ಪರದೆಯಲ್ಲಿ ಎರಡಕ್ಕೂ ಕೀ, ಅಂದರೆ ಹಾಡಿನ ಶ್ರುತಿ-ಸ್ವರಗಳ ಗುರುತು, 8ಎ ಅಂತಲೇ ಇತ್ತು. ಕೀ ಒಂದೇ, ಇನ್ನೇನು ಯೋಚನೆ ಅಂತ ವೇಗ ಬದಲಿಸುವ ಪಿಚ್ ಫೇಡರ್ ಎಳೆದು 132ನ್ನು 140ಕ್ಕೆ ತಂದೆ. ಬೀಟ್ ಚೆನ್ನಾಗಿಯೇ ಕೂತಿತು. ಆಮೇಲೆ ಡ್ರಮ್ ನಿಲ್ಲುವ ಭಾಗ, ಬ್ರೇಕ್‌ಡೌನ್ ಬಂತು. ಕಿಕ್ (ದಪ್ಪ ಡ್ರಮ್ಮಿನ ಏಟು) ನಿಂತು ಎರಡೂ ಕಡೆಯ ಪ್ಯಾಡ್ (ಎಳೆದು ನಿಲ್ಲುವ ಸ್ವರಗಳು) ಮಾತ್ರ ಉಳಿಯಿತು. ಹಲ್ಲು ಜುಮ್ಮೆನ್ನುವಂಥ ಅಪಶ್ರುತಿ! ಕುಣಿಯುತ್ತಿದ್ದವರು ತಲೆಯೆತ್ತಿ ನನ್ನ ಕಡೆ ನೋಡಿದರು.

ವೇಗ ಬದಲಾದರೂ ಸ್ವರ ಬದಲಾಗದಂತೆ ಹಿಡಿಯುವ ಕೀ ಲಾಕ್ ಆಫ್ ಆಗಿತ್ತು, ಅಷ್ಟೇ. ಕೀ ಲಾಕ್ ಇಲ್ಲದೆ ಹಾಡಿನ ವೇಗ ಸುಮಾರು 6% ಏರಿಸಿದರೆ ಸ್ವರಗಳೂ ಒಂದು ಸೆಮಿಟೋನ್ ಮೇಲೇರುತ್ತವೆ. ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಗೆ ಹೋದ ಹಾಗೆ. 132ರಿಂದ 140 ಅಂದರೆ ಲೆಕ್ಕಕ್ಕೆ ಅದೇ 6%. ಎ ಮೈನರ್ ಹಾಡು ಬಿ ಫ್ಲ್ಯಾಟ್ ಮೈನರ್ ಆಗಿಬಿಟ್ಟಿತ್ತು. ಡಿಜೆಗಳು ಕೀಗಳಿಗೆ ನಂಬರ್ ಕೊಡುವ ಕ್ಯಾಮೆಲಾಟ್ ಚಕ್ರದಲ್ಲಿ ಅದು 8ಎ ಅಲ್ಲ, 3ಎ. ಆ ಪ್ಲೇಯರ್ ಪಾಪ ಹಳೆಯ ಚೀಟಿಯನ್ನೇ ತೋರಿಸುತ್ತಿತ್ತು.

ಈ ಚಕ್ರ ಅಂದರೆ ಹೊಸಬರು ಹೆದರುತ್ತಾರೆ. ಗಡಿಯಾರದ ಹಾಗೆ 12 ಮನೆ, ಎ ಅಂದರೆ ಮೈನರ್, ಬಿ ಅಂದರೆ ಮೇಜರ್. ಸಂಗೀತ ಪಾಠಕ್ಕೆ ಹೋದವರಿಗೆ ಇದು ಇನ್ನೂ ಸುಲಭ. ಶಂಕರಾಭರಣದ ಧೈವತವನ್ನೇ ಷಡ್ಜ ಮಾಡಿಕೊಂಡರೆ ನಟಭೈರವಿ ಸಿಗುತ್ತದೆ, ಅಲ್ವಾ? ಸ್ವರಗಳು ಅವೇ, ಮನೆ ಮಾತ್ರ ಬೇರೆ. 8ಬಿಯಿಂದ 8ಎಗೆ, ಅಂದರೆ ಸಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುವುದೂ ಅದೇ ಗ್ರಹಭೇದ. ಪಕ್ಕದ 9ಎಗೆ ಹೋದರೆ ಇ ಮೈನರ್. ಏಳು ಸ್ವರಗಳಲ್ಲಿ ಒಂದೇ ಬದಲು, ಎಫ್ ಹೋಗಿ ಎಫ್ ಶಾರ್ಪ್ ಬರುತ್ತದೆ. ಹಾಗಾಗಿ ಪಕ್ಕದ ಮನೆಗಳು ಜಗಳ ಆಡುವುದು ಕಡಿಮೆ.

ಟ್ರಾನ್ಸ್‌ನಲ್ಲಿ ಇದು ಬೇರೆ ಸಂಗೀತಕ್ಕಿಂತ ಜಾಸ್ತಿ ಮುಖ್ಯ. ಟೆಕ್ನೋದಲ್ಲಿ ಡ್ರಮ್ ಮೇಲೆ ಡ್ರಮ್ ಕೂರಿಸಿದರೆ ಎಷ್ಟೋ ಸಲ ಕೀ ಕೇಳುವವರೇ ಇಲ್ಲ. ಇಲ್ಲಿ ಉದ್ದುದ್ದ ಪ್ಯಾಡು, ಮೇಲೆ ಮೆಲೊಡಿ, ಕೆಳಗೆ ಬೇಸ್. ಅದಕ್ಕೇ ನಾನು ಕೀ ಕೂಡದ ಹಾಡುಗಳನ್ನು ಔಟ್ರೊದ (ಹಾಡಿನ ಕೊನೆಯ ಭಾಗ) ಬರೀ ಡ್ರಮ್ ಇರುವ ಜಾಗದಲ್ಲಷ್ಟೇ ಬೆರೆಸುತ್ತೇನೆ. ಅದೂ ಒಂದರ ಬೇಸ್ ಪೂರ್ತಿ ಇಳಿಸಿ.

ಇನ್ನು ವೇಗ. 138 ಬಿಪಿಎಂನಲ್ಲಿ 32 ಬಾರ್ (ಬಾರ್‌ಗೆ ನಾಲ್ಕು ಬೀಟ್) ಅಂದರೆ ಸುಮಾರು 56 ಸೆಕೆಂಡು. ಇನ್ನೊಂದು ಹಾಡು 138.1 ಇದ್ದರೆ ಅಷ್ಟರಲ್ಲಿ ಎರಡು ಕಿಕ್‌ಗಳ ನಡುವೆ 40 ಮಿಲಿಸೆಕೆಂಡಿನ ಅಂತರ ಬೀಳುತ್ತದೆ. ಧಕ್ ಅನ್ನಬೇಕಾದದ್ದು ಧಕಕ್ ಅನ್ನುತ್ತದೆ. ಕೈಯಿಂದ ಪ್ಲೇಯರಿನ ತಿರುಗುವ ಗಾಲಿ, ಜಾಗ್ ವೀಲ್ ಒಂಚೂರು ತಳ್ಳಿದರೆ ಸರಿಹೋಗುತ್ತದೆ. ಬೀಟ್ ತಾನೇ ಕೂಡಿಸುವ ಸಿಂಕ್ ಬಟನ್ ಒತ್ತಿದರೂ ನನ್ನ ತಕರಾರಿಲ್ಲ. ಆದರೆ 16 ಬಾರ್‌ನ ಆವರ್ತ ಎಲ್ಲಿ ಶುರುವಾಗುತ್ತದೆ ಅಂತ ಎಣಿಸಬೇಕಾದವರು ನೀವೇ. ಮೊದಲ ಏಟನ್ನು ತಪ್ಪಿದವನಿಗೆ ಸಿಂಕ್ ಏನೂ ಮಾಡಲಾರದು. ನಮ್ಮ ಪಕ್ಕದ ಗೋವಾದಲ್ಲಿ ಹಿಂದೆ ಬಿಸಿಲಿಗೆ ವಿನೈಲ್ ತಟ್ಟೆ ಸೊಟ್ಟಗಾಗುತ್ತದೆ ಅಂತ ಡಿಜೆಗಳು ಡ್ಯಾಟ್ ಅನ್ನುವ ಡಿಜಿಟಲ್ ಟೇಪ್‌ನಲ್ಲಿ ನುಡಿಸುತ್ತಿದ್ದರು. ಅದರಲ್ಲಿ ಬೀಟ್ ಕೂಡಿಸುವುದೇ ಕಷ್ಟ. ಒಂದು ಹಾಡಿನ ಬಾಲ ಕರಗುವಾಗ ಇನ್ನೊಂದರ ತಲೆ ಬರುತ್ತಿತ್ತು. ಕುಣಿಯುವವರಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಹಾಗಾದರೆ ಕೀ ಲಾಕ್ ಸದಾ ಆನ್ ಇಟ್ಟರಾಯಿತಲ್ಲ ಅಂತೀರಿ. ಜಾಸ್ತಿ ಎಳೆದರೆ ಕಿಕ್‌ನ ಚೂಪು ಹೋಗಿ ಮೆತ್ತಗಾಗುತ್ತದೆ. ದೊಡ್ಡ ಸ್ಪೀಕರಿನಲ್ಲಿ ಅದು ಗೊತ್ತಾಗುತ್ತದೆ. 1% ಬದಲಾವಣೆಗೆ ಸ್ವರ ಜಾರುವುದು ಸೆಮಿಟೋನಿನ ಆರನೇ ಒಂದು ಪಾಲು. ಅಷ್ಟಕ್ಕೆ ನಾನು ಲಾಕ್ ಹಾಕುವುದಿಲ್ಲ. 3% ಮಾತ್ರ ಬಲು ಕೆಟ್ಟದ್ದು, ಎರಡು ಕೀಲಿಗಳ ಸಂದಿನಲ್ಲಿ ಸಿಕ್ಕಿಕೊಂಡು ಯಾವ ಮನೆಗೂ ಸೇರುವುದಿಲ್ಲ.

ಸಾಫ್ಟ್‌ವೇರ್ ಹೇಳುವ ಕೀಯನ್ನೂ ಸುಮ್ನೆ ನಂಬಬೇಡಿ. 8ಎ ಇರುವುದನ್ನು 8ಬಿ ಅಥವಾ 9ಎ ಅನ್ನುವುದು ಅದರ ಹಳೇ ಚಾಳಿ. ಮನೆಯಲ್ಲಿ ಬ್ರೇಕ್‌ಡೌನ್ ಹಾಕಿ, ಹಾಡು ಬಂದು ನಿಲ್ಲುವ ಸ್ವರವನ್ನು ಗುನುಗಿ, ಕೀಬೋರ್ಡಿನಲ್ಲಿ ಒತ್ತಿ ನೋಡಿ. ತಪ್ಪಿದ್ದರೆ ನಾನು ಹಾಡಿನ ಕಾಮೆಂಟ್ ಜಾಗದಲ್ಲಿ ‘ಕಿವಿ: 9ಎ’ ಅಂತ ಬರೆದಿಡುತ್ತೇನೆ.