ಭಾವನಾತ್ಮಕ ಬುದ್ಧಿಮತ್ತೆ ಹೆಚ್ಚಿದ್ದರೆ ಅಧ್ಯಾಪಕರ ಕೆಲಸವೂ ಚೆನ್ನಾಗಿರುತ್ತದೆಯೇ?

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಅಧ್ಯಾಪಕಿ. ಭಾವನಾತ್ಮಕ ಬುದ್ಧಿಮತ್ತೆಯ, ಅಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಿಭಾಯಿಸುವ ಸಾಮರ್ಥ್ಯದ, ತರಬೇತಿ ಪಡೆದರೆ ಕೆಲಸ ಸುಧಾರಿಸುತ್ತದೆ ಎನ್ನುತ್ತಾರೆ. ಇದು ಎಷ್ಟು ನಿಜ?

ಉತ್ತರ: ಯಾವ ಕೆಲಸ ಎಂದು ಮೊದಲು ಕೇಳಿಕೊಳ್ಳಿ. ಪಾಠ, ಪಿಎಚ್‌ಡಿ ಮಾರ್ಗದರ್ಶನ, ಅಂಕಗಳ ತಕರಾರು, ವಿಭಾಗದ ಸಭೆ: ಇಲ್ಲೆಲ್ಲ ಎದುರಿಗೆ ಮನುಷ್ಯರಿರುತ್ತಾರೆ, ನಮ್ಮ ಮುಖ, ದನಿ ಹಿಡಿತದಲ್ಲಿರಬೇಕಾಗುತ್ತದೆ. ಸಂಶೋಧಕರಾದ ಜೋಸೆಫ್ ಮತ್ತು ನ್ಯೂಮನ್ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ ಇಂಥ ಕೆಲಸಗಳಲ್ಲೇ ಭಾವನಾತ್ಮಕ ಬುದ್ಧಿಮತ್ತೆಗೂ ಕಾರ್ಯಕ್ಷಮತೆಗೂ ನಂಟು ಗಟ್ಟಿಯಾಗಿ ಕಂಡಿತು. ಒಬ್ಬರೇ ಕೂತು ದತ್ತಾಂಶ ವಿಶ್ಲೇಷಿಸುವುದಕ್ಕೆ ತರಬೇತಿಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ಈ ಬುದ್ಧಿಮತ್ತೆಯನ್ನು ಅಳೆಯುವ ರೀತಿಯಲ್ಲೂ ತೊಡಕಿದೆ. ವಾಂಗ್ ಮತ್ತು ಲಾ 2002ರಲ್ಲಿ ರೂಪಿಸಿದ ಪ್ರಶ್ನಾವಳಿ ಈಗ ಬಹಳ ಬಳಕೆಯಲ್ಲಿದೆ. ಅದರಲ್ಲಿ 16 ಹೇಳಿಕೆಗಳು: ತನ್ನ ಭಾವನೆಯ ಅರಿವು, ಇತರರ ಭಾವನೆಯ ಅರಿವು, ಭಾವನೆಯ ಬಳಕೆ, ನಿಯಂತ್ರಣ, ತಲಾ ನಾಲ್ಕು. ಉತ್ತರಿಸುವುದು ಅಧ್ಯಾಪಕರೇ. ಕಾರ್ಯಕ್ಷಮತೆಗೂ ಅವರೇ ಅಂಕ ಕೊಟ್ಟುಕೊಂಡರೆ ನಂಟು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಹಸಂಬಂಧ (ನಂಟಿನ ಬಲ ತೋರುವ ಸಂಖ್ಯೆ) 0.3 ಬಂತೆಂದರೂ ಅದರ ವರ್ಗ 0.09, ಕಾರ್ಯಕ್ಷಮತೆಯ ವ್ಯತ್ಯಾಸದಲ್ಲಿ ಶೇ. 9ರಷ್ಟಕ್ಕೆ ಮಾತ್ರ ಲೆಕ್ಕ ಸಿಕ್ಕಿತು. ಹಾಗಾಗಿ ಇಂಥ ಅಂಕ ಹಿಡಿದು ಬಡ್ತಿ ನಿರ್ಧರಿಸುವುದು ತಪ್ಪು. ಬಡ್ತಿ ಕಣ್ಣೆದುರಿಗಿದ್ದರೆ ಯಾರು ತಾನೇ ‘ನನಗೆ ಬೇಗ ಸಿಟ್ಟು ಬರುತ್ತದೆ’ ಎಂದು ಬರೆದಾರು?

ಇನ್ನು ರೂಢಿಸಿಕೊಳ್ಳಬೇಕಾದ್ದು. ಸಿಟ್ಟು ನುಂಗಿಕೊಂಡು ನಗುವುದನ್ನೇ ಹಲವರು ಭಾವನೆಯ ನಿಯಂತ್ರಣ ಎಂದುಕೊಂಡಿದ್ದಾರೆ. ಅದರಿಂದ ದಣಿವು ಹೆಚ್ಚುತ್ತದೆ. ರಿಚರ್ಡ್ಸ್ ಮತ್ತು ಗ್ರಾಸ್ 2000ರಲ್ಲಿ ತೋರಿಸಿದಂತೆ, ಭಾವನೆ ಮುಖದಲ್ಲಿ ಕಾಣದಂತೆ ಅದುಮುವವರಿಗೆ ಆ ಹೊತ್ತಿನ ವಿವರಗಳೂ ಸರಿಯಾಗಿ ನೆನಪುಳಿಯುವುದಿಲ್ಲ. ಅಂಕದ ತಕರಾರು ತಂದ ವಿದ್ಯಾರ್ಥಿಯ ಮಾತೇ ತಪ್ಪಿಹೋದರೆ ಗತಿಯೇನು? ಸನ್ನಿವೇಶವನ್ನೇ ಬೇರೆಯಾಗಿ ಓದಿಕೊಳ್ಳುವುದು ಮೇಲು: ‘ನನ್ನ ಮೌಲ್ಯಮಾಪನವನ್ನೇ ಪ್ರಶ್ನಿಸುತ್ತಿದ್ದಾನೆ’ ಎಂಬುದರ ಬದಲು ‘ಯಾವ ಉತ್ತರಕ್ಕೆ ಏಕೆ ಅಂಕ ಹೋಯಿತೆಂದು ಇವನಿಗೆ ತಿಳಿದಿಲ್ಲ’. ಆಗ ಉತ್ತರಪತ್ರಿಕೆ, ಅಂಕ ಹಂಚಿಕೆ ಎರಡನ್ನೂ ಮೇಜಿನ ಮೇಲಿಟ್ಟು ಪ್ರಶ್ನೆವಾರು ಮಾತಾಡಬಹುದು.

ಪ್ರಬಂಧದ ಕರಡು ರೇಗಿಸಿದರೆ ಟಿಪ್ಪಣಿಯನ್ನು ಅಂದೇ ಕಳಿಸದೆ ಮರುದಿನ ಓದಿ. ‘ಅಸಡ್ಡೆ’, ‘ಕಳಪೆ’ಯಂಥ ಪದಗಳನ್ನು ಹೊಡೆದು ಯಾವ ಪುಟದಲ್ಲಿ ಏನು ಕೊರತೆ, ಯಾವಾಗ ಮತ್ತೆ ತರಬೇಕು ಎಂದಷ್ಟೇ ಉಳಿಸಿ.

ಫಲ ನೋಡಲು ಸೆಮಿಸ್ಟರಿನ ನಡುವೆ ಹೆಸರಿಲ್ಲದ ಚೀಟಿಯಲ್ಲಿ ಎರಡೇ ಪ್ರಶ್ನೆ ಕೇಳಿ: ತರಗತಿಯಲ್ಲಿ ಅನುಮಾನ ಕೇಳಲು ಹಿಂಜರಿಕೆ ಇದೆಯೇ? ನನ್ನ ಟಿಪ್ಪಣಿ ಓದಿದ ಮೇಲೆ ಏನು ತಿದ್ದಬೇಕೆಂದು ತಿಳಿಯುತ್ತದೆಯೇ? ಸೆಮಿಸ್ಟರ್ ಮುಗಿದ ಮೇಲೆ ಕೇಳಿದರೆ ಆ ತಂಡಕ್ಕೆ ಪ್ರಯೋಜನವಿಲ್ಲ.