ಓರೋಫೇಶಿಯಲ್ ಪೇನ್: ಮುಖ ಮತ್ತು ದವಡೆಯ ನೋವಿಗೊಂದು ದಂತವೈದ್ಯಕೀಯ ಶಾಖೆ

ಬಾಯಿ, ಮುಖ, ದವಡೆ ಮತ್ತು ಅವುಗಳಿಗೆ ಹೊಂದಿಕೊಂಡ ತಲೆ-ಕತ್ತಿನ ಭಾಗಗಳಲ್ಲಿ ಬರುವ ನೋವಿನ ಮೂಲವನ್ನು ಪತ್ತೆಹಚ್ಚಿ, ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಅದನ್ನು ಶಮನಗೊಳಿಸುವ ದಂತವೈದ್ಯಕೀಯ ಶಾಖೆಯನ್ನು ಓರೋಫೇಶಿಯಲ್ ಪೇನ್ ಎಂದು ಕರೆಯುತ್ತಾರೆ. ದವಡೆ ಕೀಲಿನ ತೊಂದರೆಗಳು, ಜಗಿಯುವ ಸ್ನಾಯುಗಳ ನೋವು, ಮುಖದ ನರಶೂಲೆ, ಕಾರಣ ತಿಳಿಯದ ನಾಲಿಗೆ ಉರಿ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಇವುಗಳ ಜೊತೆಗೆ ಬೆಸೆದುಕೊಂಡ ತಲೆನೋವು ಮತ್ತು ನಿದ್ರೆಯ ಉಸಿರಾಟದ ತೊಂದರೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಅಮೆರಿಕದಲ್ಲಿ ಈ ವಿಷಯದ ತಜ್ಞರ ಅಕಾಡೆಮಿ 1975ರಷ್ಟು ಹಿಂದೆಯೇ ಹುಟ್ಟಿಕೊಂಡಿದ್ದರೂ, ದಂತವೈದ್ಯಕೀಯದ 12ನೆಯ ವಿಶೇಷ ಶಾಖೆಯೆಂಬ ಮಾನ್ಯತೆ ಇದಕ್ಕೆ ದೊರೆತದ್ದು 2020ರ ಮಾರ್ಚ್ ತಿಂಗಳಲ್ಲಿ. ದಂತವೈದ್ಯ ಪದವಿ ಮುಗಿಸಿದವರು ಅಲ್ಲಿ ಈ ಶಾಖೆಯಲ್ಲಿ ಕನಿಷ್ಠ 2 ವರ್ಷಗಳ ಪೂರ್ಣಾವಧಿ ರೆಸಿಡೆನ್ಸಿ (ರೋಗಿಗಳನ್ನು ನೋಡುತ್ತ ಕಲಿಯುವ ತರಬೇತಿ) ಮಾಡುತ್ತಾರೆ. ಕೆಂಟಕಿ, ಮಿನೆಸೋಟ, ರಟ್ಗರ್ಸ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಈ ತರಬೇತಿ ನಡೆಯುತ್ತಿದೆ.

ಹಲ್ಲಿನ ನೋವನ್ನು ಪ್ರತಿಯೊಬ್ಬ ದಂತವೈದ್ಯರೂ ನೋಡುವಾಗ ಇದಕ್ಕೆ ಬೇರೆಯದೇ ತರಬೇತಿ ಏಕೆ ಬೇಕು ಎಂಬ ಪ್ರಶ್ನೆ ಸಹಜ. ನೋವು ಕಾಣಿಸಿಕೊಳ್ಳುವ ಜಾಗ ಮತ್ತು ನೋವು ಹುಟ್ಟುವ ಜಾಗ ಎರಡೂ ಒಂದೇ ಆಗಿರಬೇಕಿಲ್ಲ ಎಂಬುದೇ ಇದಕ್ಕೆ ಉತ್ತರ. ಕೆನ್ನೆಯ ಮಸೆಟರ್ ಸ್ನಾಯುವಿನಲ್ಲಿ ಹುಟ್ಟಿದ ನೋವು ಕೆಳದವಡೆಯ ಹಿಂದಿನ ಹಲ್ಲಿನಲ್ಲಿ ಕಾಣಿಸಿಕೊಳ್ಳಬಹುದು. ಕಣತಲೆಯ ಸ್ನಾಯುವಿನದು ಮೇಲಿನ ಹಲ್ಲುಗಳಲ್ಲಿ ಕಾಣಿಸಿಕೊಳ್ಳಬಹುದು. ಮುಖದ ಸ್ಪರ್ಶ ಮತ್ತು ನೋವಿನ ಸಂದೇಶಗಳನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರದ ತಂತುಗಳೂ ಕತ್ತಿನ ಮೇಲ್ಭಾಗದ ನರಗಳ ತಂತುಗಳೂ ಮಿದುಳಿನ ಬುಡದಲ್ಲಿ ಒಂದೇ ಗುಂಪಿನ ನರಕೋಶಗಳನ್ನು ಸೇರುವುದರಿಂದ, ಸಂದೇಶ ಎಲ್ಲಿಂದ ಹೊರಟಿತು ಎಂಬುದನ್ನು ಮಿದುಳು ತಪ್ಪಾಗಿ ಗ್ರಹಿಸುತ್ತದೆ. ರೋಗಿ ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಹಲ್ಲೇ ನೋಯುತ್ತಿರುತ್ತದೆ. ಇದನ್ನು ಅರಿಯದೆ ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ನೋವು ಹೋಗಲಿಲ್ಲವೆಂದು ಅದನ್ನು ಕಿತ್ತು, ಬಳಿಕ ಪಕ್ಕದ ಹಲ್ಲಿಗೆ ಕೈಹಚ್ಚುವ ಸರಣಿ ಎಲ್ಲ ದೇಶಗಳಲ್ಲಿಯೂ ನಡೆಯುತ್ತದೆ. ಕಿತ್ತ ಹಲ್ಲು ಮರಳಿ ಬರುವುದಿಲ್ಲವಾದ್ದರಿಂದ, ಹಲ್ಲಿಗೆ ಸಂಬಂಧವಿಲ್ಲದ ಹಲ್ಲುನೋವನ್ನು ಗುರುತಿಸುವ ಪಾಠವೇ ಈ ತರಬೇತಿಯ ಅತಿ ಬೆಲೆಯುಳ್ಳ ಭಾಗವೆಂದು ನನ್ನ ನಂಬಿಕೆ. ಅದಕ್ಕೊಂದು ಸರಳ ಪರೀಕ್ಷೆಯಿದೆ: ಅನುಮಾನದ ಹಲ್ಲಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಆ ಭಾಗ ಸಂಪೂರ್ಣ ಮರಗಟ್ಟಿದ ಮೇಲೂ ನೋವು ಹಾಗೆಯೇ ಉಳಿದರೆ, ಮೂಲವನ್ನು ಬೇರೆಡೆ ಹುಡುಕಬೇಕು.

ಆ ‘ಬೇರೆಡೆ’ ಕೆಲವೊಮ್ಮೆ ದಂತವೈದ್ಯಕೀಯದ ಎಲ್ಲೆಯನ್ನು ದಾಟಿರುತ್ತದೆ. ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಬಂದು, ಕುಳಿತಾಗ ಹೋಗುವ ದವಡೆಯ ನೋವು ಹೃದಯದ್ದಾಗಿರಬಹುದು. 50 ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಶುರುವಾಗಿ, ಊಟ ಮಾಡುವಾಗ ಜಗಿಯುತ್ತ ಜಗಿಯುತ್ತ ದವಡೆ ಸೋತು ನೋಯತೊಡಗಿದರೆ, ಅದು ತಲೆಯ ರಕ್ತನಾಳಗಳ ಉರಿಯೂತದ ಲಕ್ಷಣವಾಗಿರಬಹುದು. ತಡಮಾಡದೆ ಸ್ಟೀರಾಯ್ಡ್ ಆರಂಭಿಸದಿದ್ದರೆ ಕಣ್ಣಿನ ದೃಷ್ಟಿಯೇ ಹೋಗುವ ಅಪಾಯ ಅದರಲ್ಲಿದೆ. ಇಂಥವರನ್ನು ಸ್ಪ್ಲಿಂಟ್ (ಹಲ್ಲುಗಳ ಮೇಲೆ ಕೂರಿಸುವ ಅಚ್ಚು) ಕೊಟ್ಟು ಮನೆಗೆ ಕಳಿಸದೆ ಅದೇ ದಿನ ವೈದ್ಯರ ಬಳಿಗೆ ಕಳಿಸಬೇಕೆಂಬುದನ್ನು ರೆಸಿಡೆಂಟ್‌ಗಳು ಮೊದಲ ತಿಂಗಳುಗಳಲ್ಲಿಯೇ ಕಲಿಯಬೇಕಾಗುತ್ತದೆ.

ಶಾಖೆ ಇಂದಿನ ರೂಪ ಪಡೆಯುವ ಮುನ್ನ ಬಹಳ ತಪ್ಪು ದಾರಿಗಳನ್ನು ತುಳಿದಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಅವರು ಕಿವಿನೋವು, ತಲೆನೋವು ಮುಂತಾದ ಲಕ್ಷಣಗಳನ್ನು ಹಲ್ಲಿನ ಕಚ್ಚುವಿಕೆ (ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ಬಗೆ) ಕೆಟ್ಟು ದವಡೆ ಕೀಲಿನ ಮೇಲೆ ಬೀಳುವ ಒತ್ತಡಕ್ಕೆ ಜೋಡಿಸಿದರು. ಕಚ್ಚುವಿಕೆಯೇ ಎಲ್ಲಕ್ಕೂ ಮೂಲವೆಂಬ ನಂಬಿಕೆ ಆಮೇಲೆ ದಶಕಗಳ ಕಾಲ ಬೇರೂರಿ, ನೋವಿರುವವರ ಆರೋಗ್ಯವಂತ ಹಲ್ಲುಗಳನ್ನು ಉಜ್ಜಿ ಸಮಮಾಡುವುದು, ಬಾಯಿ ತುಂಬ ಕ್ಯಾಪ್ ಹಾಕುವುದು ವಾಡಿಕೆಯಾಯಿತು. 1980ರ ದಶಕದಲ್ಲಿ ಕೀಲಿನೊಳಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ತಟ್ಟೆಯನ್ನು ತೆಗೆದು ಟೆಫ್ಲಾನ್ ಬೆರೆತ ಕೃತಕ ತಟ್ಟೆಯನ್ನು ಕೂರಿಸಲಾಯಿತು. ಜಗಿಯುವ ಒತ್ತಡಕ್ಕೆ ಅದು ಪುಡಿಯಾಗಿ, ಆ ಚೂರುಗಳಿಗೆ ದೇಹ ತೋರಿದ ಪ್ರತಿಕ್ರಿಯೆಯಿಂದ ಸುತ್ತಲಿನ ಮೂಳೆ ಸವೆದು, ಅನೇಕರು ಜೀವನಪೂರ್ತಿ ನರಳಬೇಕಾಯಿತು. ಇಂದಿನ ತರಬೇತಿಯಲ್ಲಿ ಹಿಂದಿರುಗಿಸಲಾಗದ ಚಿಕಿತ್ಸೆಗೆ ಮೊದಲೇ ಕೈಹಾಕಬಾರದೆಂಬ ನಿಯಮಕ್ಕೆ ಇಷ್ಟು ತೂಕವಿರುವುದು ಈ ಹಿನ್ನೆಲೆಯಿಂದ.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ದವಡೆಯ ತೊಂದರೆಗಳನ್ನು ವರ್ಗೀಕರಿಸಲು 1992ರಲ್ಲಿ ಸಂಶೋಧನೆಗಾಗಿ ರೂಪುಗೊಂಡ ಮಾನದಂಡಗಳನ್ನು ಪರಿಷ್ಕರಿಸಿ 2014ರಲ್ಲಿ ಚಿಕಿತ್ಸಾಲಯಕ್ಕೂ ಒಗ್ಗುವಂತೆ ಪ್ರಕಟಿಸಲಾಯಿತು. ಅದರ ಪ್ರಕಾರ ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಬೆರಳ ತುದಿಯಿಂದ 1 ಕಿಲೋಗ್ರಾಂ ಒತ್ತಡದಲ್ಲಿ 2 ಸೆಕೆಂಡು ಒತ್ತಬೇಕು. ನೋವು ಬೇರೆ ಕಡೆಗೆ ಹರಿಯುತ್ತದೆಯೇ ಎಂದು ತಿಳಿಯಲು 5 ಸೆಕೆಂಡು ಒತ್ತಿ ಹಿಡಿಯಬೇಕು. ಕಿವಿಯ ಮುಂದಿನ ಕೀಲಿನ ಹೊರಬದಿಗೆ ಅರ್ಧ ಕಿಲೋಗ್ರಾಂ ಸಾಕು. ಈ ಒತ್ತಡ ಕೈಗೆ ಕುದುರಲು ಅಳತೆಯ ಸಾಧನದ ಮೇಲೆ ಬೆರಳನ್ನು ಪಳಗಿಸಿಕೊಳ್ಳುತ್ತಾರೆ. ಒತ್ತಿದ ಮೇಲೆ ‘ನೋಯಿತೇ’ ಎಂದು ಕೇಳಿ ಅಷ್ಟಕ್ಕೇ ನಿಲ್ಲಿಸುವಂತಿಲ್ಲ. ‘ನೀವು ಹೇಳಿಕೊಂಡು ಬಂದ ನೋವು ಇದೇನಾ’ ಎಂಬುದು ನಿರ್ಣಾಯಕ ಪ್ರಶ್ನೆ, ಏಕೆಂದರೆ ಗಟ್ಟಿಯಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಬಳಿಕ ಬಾಯಿ ಎಷ್ಟು ತೆರೆಯುತ್ತದೆಂದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಬೆರಳಿನಿಂದ ನೆರವು ಕೊಟ್ಟು ತೆರೆಸಿದರೂ 40 ಮಿಲಿಮೀಟರ್ ಮುಟ್ಟದಿದ್ದರೆ, ಮತ್ತು ಬಾಯಿ ಸಿಕ್ಕಿಹಾಕಿಕೊಂಡು ಊಟಕ್ಕೆ ತೊಡಕಾದ ಇತಿಹಾಸವಿದ್ದರೆ, ಕೀಲಿನೊಳಗಿನ ತಟ್ಟೆ ಜಾರಿ ಅಡ್ಡನಿಂತಿರುವ ಸಾಧ್ಯತೆಯನ್ನು ಪರಿಗಣಿಸಬೇಕು. ನೋವಿಲ್ಲದೆ ಬರಿದೇ ‘ಟಕ್’ ಎನ್ನುವ ಕೀಲಿಗೆ ಸಾಮಾನ್ಯವಾಗಿ ಯಾವ ಚಿಕಿತ್ಸೆಯೂ ಬೇಕಿಲ್ಲ. ಇದನ್ನು ರೋಗಿಗೆ ಮನದಟ್ಟು ಮಾಡುವುದೇ ಆ ಭೇಟಿಯ ಕೆಲಸ.

ಇದೇ ಮಾನದಂಡಗಳಲ್ಲಿ ಎರಡನೆಯ ಅಕ್ಷವೊಂದಿದೆ. ಮೊದಲನೆಯದು ಕೀಲು ಮತ್ತು ಸ್ನಾಯುವಿನ ಸ್ಥಿತಿಯನ್ನು ದಾಖಲಿಸಿದರೆ, ಎರಡನೆಯದು ನೋವಿನಿಂದ ದಿನಚರಿ ಎಷ್ಟು ಕೆಟ್ಟಿದೆ, ಆತಂಕ ಮತ್ತು ಖಿನ್ನತೆ ಎಷ್ಟಿದೆ, ಎಚ್ಚರದಲ್ಲಿರುವಾಗ ಹಲ್ಲು ಬಿಗಿಹಿಡಿಯುವ ಅಭ್ಯಾಸವಿದೆಯೇ ಎಂಬುದನ್ನು ದಾಖಲಿಸುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದಾಗ ‘ಇದೆಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂದು ಕೇಳಿಸಿಕೊಂಡು ಬಂದವರಿಗೆ ಈ ಪ್ರಶ್ನೆಗಳು ಮತ್ತೆ ಅದೇ ಮಾತಿನಂತೆ ಕೇಳಿಸಬಾರದು. ಬಹುಕಾಲದ ನೋವು ನರವ್ಯೂಹವನ್ನೇ ಸೂಕ್ಷ್ಮವಾಗಿಸುತ್ತದೆ, ನಿದ್ದೆಗೆಟ್ಟರೆ ಮತ್ತು ಚಿಂತೆ ಹೆಚ್ಚಿದರೆ ಅದು ಇನ್ನಷ್ಟು ಕೆರಳುತ್ತದೆ. ಆದುದರಿಂದ ಮನಶ್ಶಾಸ್ತ್ರಜ್ಞರೂ ಭೌತಚಿಕಿತ್ಸಕರೂ ಈ ಚಿಕಿತ್ಸಾಲಯಗಳಲ್ಲಿ ಜೊತೆಗೂಡಿ ಕೆಲಸ ಮಾಡುತ್ತಾರೆ.

ಔಷಧಶಾಸ್ತ್ರ ದಂತವೈದ್ಯರಿಗೆ ಹೆಚ್ಚು ಹೊಸದೆನಿಸುವ ಭಾಗ. ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ಸೋಕಿದಾಗ ಮಿಂಚಿನಂತೆ ಹೊಡೆದು ಸೆಕೆಂಡುಗಳಲ್ಲಿ ಮಾಯವಾಗುವ ಟ್ರೈಜೆಮಿನಲ್ ನರಶೂಲೆಗೆ ಸಾಮಾನ್ಯ ನೋವಿನ ಮಾತ್ರೆಗಳು ನಾಟುವುದಿಲ್ಲ. ಮೂಲತಃ ಅಪಸ್ಮಾರದ ಔಷಧವಾದ ಕಾರ್ಬಮಜೆಪೈನ್ ಅದಕ್ಕೆ ಮೊದಲ ಆಯ್ಕೆ. ಅದನ್ನು ಬರೆದುಕೊಟ್ಟವರು ರಕ್ತದ ಸೋಡಿಯಂ ಮತ್ತು ರಕ್ತಕಣಗಳ ಮೇಲೆ ಕಣ್ಣಿಡಬೇಕು, ಏಷ್ಯಾ ಮೂಲದ ಕೆಲವರಲ್ಲಿ ಒಂದು ಆನುವಂಶಿಕ ಗುರುತಿನಿಂದಾಗಿ ಚರ್ಮದ ಮಾರಕ ಪ್ರತಿಕ್ರಿಯೆ ಉಂಟಾಗಬಹುದೆಂಬುದನ್ನೂ ನೆನಪಿಡಬೇಕು. ಗಡ್ಡೆಯೋ ನರದ ಕವಚ ನಾಶವಾಗುವ ಕಾಯಿಲೆಯೋ ಹಿಂದೆ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕಾಗುತ್ತದೆ. ಸ್ನಾಯು ಮತ್ತು ಕೀಲಿನ ನೋವುಗಳ ಚಿಕಿತ್ಸೆ ಇದಕ್ಕಿಂತ ಸೌಮ್ಯ: ಮೆತ್ತಗಿನ ಆಹಾರ, ಬಿಸಿ ಶಾಖ, ದವಡೆಯ ವ್ಯಾಯಾಮ, ತುಟಿ ಮುಚ್ಚಿದ್ದರೂ ಹಲ್ಲುಗಳು ಒಂದಕ್ಕೊಂದು ತಾಗದಂತಿರುವ ಅಭ್ಯಾಸ, ಅಲ್ಪಾವಧಿಯ ಔಷಧ, ಬೇಕಾದಲ್ಲಿ ರಾತ್ರಿ ಹಾಕಿಕೊಳ್ಳುವ ಸ್ಪ್ಲಿಂಟ್. ಹೆಚ್ಚಿನವರು ಇಷ್ಟರಲ್ಲಿಯೇ ಸುಧಾರಿಸುತ್ತಾರೆ.

ಭಾರತದಲ್ಲಿ ಓರೋಫೇಶಿಯಲ್ ಪೇನ್ ಪ್ರತ್ಯೇಕ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ಶಾಖೆಯಾಗಿಲ್ಲ. ಇಲ್ಲಿನ ಸಾಂಪ್ರದಾಯಿಕ 9 ಎಂಡಿಎಸ್ ವಿಭಾಗಗಳಲ್ಲಿ ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ಓದುವವರು ತಮ್ಮ 3 ವರ್ಷಗಳ ಪಠ್ಯದ ಒಂದು ಭಾಗವಾಗಿ ಇದನ್ನು ಕಲಿಯುತ್ತಾರೆ. ಕೀಲಿನ ಶಸ್ತ್ರಚಿಕಿತ್ಸೆ ಮುಖ-ದವಡೆ ಶಸ್ತ್ರವೈದ್ಯರ ಪಾಲಿಗಿದೆ. ನಮ್ಮಲ್ಲೂ ಪೂರ್ಣ ತರಬೇತಿ ಬರಬೇಕೆಂಬುದು ನನ್ನ ಆಶಯ, ಆದರೆ ಅಮೆರಿಕದ ಪಠ್ಯವನ್ನು ಹಾಗೆಯೇ ಎತ್ತಿ ತಂದರೆ ಸಾಲದು. ಅಡಿಕೆ ಮತ್ತು ಗುಟ್ಕಾ ಜಗಿಯುವವರು ಹೆಚ್ಚಿರುವ ಕರ್ನಾಟಕದಲ್ಲಿ ಬಾಯಿ ತೆರೆಯಲಾಗದ ರೋಗಿ ಬಂದಾಗ ಮೊದಲು ನೋಡಬೇಕಾದದ್ದು ಕೆನ್ನೆಯ ಒಳಪದರ. ಅದು ಬಿಳಿಚಿ, ನಾರುಗಟ್ಟಿ ಬಿಗಿದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಕ್ಯಾನ್ಸರಿಗೆ ತಿರುಗಬಲ್ಲ ಆ ಸ್ಥಿತಿಯನ್ನು ದವಡೆ ಕೀಲಿನ ತೊಂದರೆಯೆಂದು ಭಾವಿಸಿ ಕಾಲ ಕಳೆಯುವಂತಿಲ್ಲ. ಹಲ್ಲಿಗೆ ಚಿಕಿತ್ಸೆಯಾದರೂ ಹೋಗದ ಮುಖದ ನೋವಿರುವವರು ಮತ್ತೊಂದು ಹಲ್ಲು ಕೀಳಿಸುವ ಮುನ್ನ ಹತ್ತಿರದ ದಂತವೈದ್ಯ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಹಳೆಯ ಎಕ್ಸ್‌ರೇಗಳನ್ನೂ ಈವರೆಗೆ ನುಂಗಿದ ಮಾತ್ರೆಗಳ ಚೀಟಿಗಳನ್ನೂ ಹಿಡಿದು ಹೋಗಬಹುದು.